ಎಲ್ಲರೂ ಹೂಗ್ಯಂನವರಾದ ವರ್ಷ

ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಹೋದ ಸೋಮವಾರ ನನ್ನ ಸರದಿಗೆ ಕಾಯುತ್ತಾ ನಿಂತಿದ್ದೆ. ಯಂತ್ರದಿಂದ ಆಗತಾನೆ ಬಂದ ಹಾಳೆಗಳ ಕಟ್ಟನ್ನು ಅಂಗಡಿಯವರು ಗಾಜಿನ ಮೇಜಿನ ಮೇಲೆ ಎರಡು ಸಲ ಕುಟ್ಟಿ ಸಮ ಮಾಡಿದರು. ಬಿಸಿ ಕಾಗದದ ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಹಲ್ಲು ಕಚ್ಚಿಕೊಂಡವು. ಪಕ್ಕದಲ್ಲಿದ್ದ ಹೆಂಗಸು, "ಯಾಕವ್ವಾ, ತಲೆನೋವಾ?" ಅಂದಳು. ತಲೆನೋವಲ್ಲ. ಸಿಟ್ಟು. ಮಾರ್ಚ್ ತಿಂಗಳಿಂದ ಒಂದಿಷ್ಟೂ ಇಳಿಯದ ಸಿಟ್ಟು.

ಹೋದ ವರ್ಷದ ಜೂನ್‌ನಿಂದ ಈ ವರ್ಷದ ಮಾರ್ಚ್‌ವರೆಗೆ ಆ ವಾಸನೆಯನ್ನು ಬ್ಯಾಗಿನಲ್ಲಿ ಹೊತ್ತು ಕೊಳ್ಳೇಗಾಲ, ಹನೂರು, ಯಳಂದೂರು ಎಂದು ಮೂರು ಊರು ಸುತ್ತಿದ್ದೇನೆ. ಮೈಸೂರಿನ ಒಬ್ಬ ಇಂಗ್ಲಿಷ್ ಪ್ರೊಫೆಸರು ಈ ಮೂರು ಊರುಗಳ ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯವನ್ನು ಹೇಗೆ ಕಲಿಸುತ್ತಾರೆ ಎಂಬ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಎಂ.ಎ. ಮುಗಿಸಿ ಮನೆಯಲ್ಲಿದ್ದ ನಾನು ಅವರ ಸಂಶೋಧನಾ ಸಹಾಯಕಿ. ಕೆಲಸ ಚೆನ್ನಾಗಿ ಮಾಡಿದರೆ ನನ್ನ ಪಿಎಚ್‌ಡಿಗೆ ತಾವೇ ಮಾರ್ಗದರ್ಶಕರಾಗುವುದಾಗಿ ಹೇಳಿದ್ದರು. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಮೊದಲೇ ಬರೆದಿದ್ದೇನೆ.

ನನಗೆ ದಿನಚರಿ ಬರೆಯುವ ಅಭ್ಯಾಸ ಎಂಟನೇ ತರಗತಿಯಿಂದ ಇದೆ. ಅಪ್ಪ ರೇಷ್ಮೆ ಮಗ್ಗದವರು. ಹಾಸಿನ ಎಳೆಗಳನ್ನು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ, ಕೈ ಎತ್ತಿ ನಿಲ್ಲಿಸುತ್ತಾರೆ. ಎಣಿಸುವಾಗ ಮಾತಾಡಬಾರದು ಎಂದು ಕಲಿತದ್ದು ಅಲ್ಲಿ. ಹಾಗಾಗಿ ಪ್ರೊಫೆಸರು ತರಗತಿಯಲ್ಲಿ ಕೂತು ಎಣಿಸುವ ಕೆಲಸ ಕೊಟ್ಟಾಗ ಖುಷಿಯಾಗಿತ್ತು. ಅವರು ಕೊಟ್ಟ ಹಾಳೆಯಲ್ಲಿ ನಾಲ್ಕು ಅಂಕಣ: ಮೇಷ್ಟ್ರು ಇಂಗ್ಲಿಷ್‌ನಲ್ಲಿ ಆಡಿದ ಮಾತು, ಮೇಷ್ಟ್ರು ಕನ್ನಡದಲ್ಲಿ ಆಡಿದ ಮಾತು, ವಿದ್ಯಾರ್ಥಿಗಳ ಇಂಗ್ಲಿಷ್, ವಿದ್ಯಾರ್ಥಿಗಳ ಕನ್ನಡ. ಒಂದು ಮಾತಿಗೆ ಒಂದು ಗೆರೆ. ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯಬೇಕು. ಕೊನೆಯ ಬೆಂಚಿನಲ್ಲಿ ಕೂತು, ಪಾಠ ಮುಗಿಯುವವರೆಗೆ ಗೆರೆ ಎಳೆಯುವುದೇ ನನ್ನ ಕೆಲಸ.

"ದಿನಾ ಗೆರೆ ಎಳ್ಕಂಡು ಬತ್ತೀಯಲ್ಲೇ, ಇದಕ್ಕಾ ಎಂ.ಎ. ಓದಿದ್ದು?" ಎಂದು ಅಮ್ಮ ನಗುತ್ತಿದ್ದರು.

ಮೊದಲ ಹದಿನೇಳು ತರಗತಿಗಳಲ್ಲಿ ವಿದ್ಯಾರ್ಥಿಗಳ ಇಂಗ್ಲಿಷ್ ಅಂಕಣ ಖಾಲಿ ಇತ್ತು. ಪೂರ್ತಿ ಖಾಲಿ ಎಂದರೆ ತಪ್ಪಾಗುತ್ತದೆ. ಹಾಜರಿ ಕೂಗುವಾಗ ಎಲ್ಲರೂ "ಪ್ರೆಸೆಂಟ್ ಸಾ" ಅನ್ನುತ್ತಿದ್ದರು. ಅದನ್ನು ನಾನು ಬರೆದಿರಲಿಲ್ಲ. ಜೂನ್ ಕೊನೆಯಲ್ಲಿ ಹಾಳೆಗಳನ್ನು ಮೈಸೂರಿಗೆ ತೆಗೆದುಕೊಂಡು ಹೋದಾಗ ಪ್ರೊಫೆಸರು ಕನ್ನಡಕ ಹಣೆಗೇರಿಸಿ ನೋಡಿದರು.

"ಸೊನ್ನೆ ಹಾಕಿದರೆ ಯಾರೂ ನಂಬಲ್ಲಮ್ಮ. ‘ಪ್ರೆಸೆಂಟ್ ಸರ್’ ಅನ್ನೋದೂ ಇಂಗ್ಲಿಷೇ ತಾನೆ? ಅದನ್ನೂ ಸೇರಿಸು. ಊಟ ಆಯ್ತಾ ನಿಂದು?"

ಅವರು ಯಾವಾಗಲೂ ಊಟದ ವಿಚಾರ ಕೇಳುತ್ತಿದ್ದರು. ಒಮ್ಮೆಯೂ ನನ್ನ ಮೇಲೆ ದನಿ ಎತ್ತಿದವರಲ್ಲ. ಇವತ್ತಿಗೂ ನನಗೆ ಅವರನ್ನು ಬೈಯುವುದು ಕಷ್ಟವಾಗುವುದು ಅದಕ್ಕೇ. ಬೈಯಲು ಕಷ್ಟವಾದಷ್ಟೂ ಸಿಟ್ಟು ಹೆಚ್ಚಾಗುತ್ತದೆ. ಅವತ್ತು "ಆಯ್ತು ಸರ್" ಎಂದು ಹಾಜರಿಯನ್ನು ಸೇರಿಸಿದೆ. ಐವತ್ತೆಂಟು ಮಕ್ಕಳಿದ್ದ ದಿನ ಐವತ್ತೆಂಟು ಗೆರೆ. ವರದಿ ಅಚ್ಚಾದಾಗ, ಹನೂರಿನ ಹುಡುಗರು ತರಗತಿಯಲ್ಲಿ ಸಾಕಷ್ಟು ಇಂಗ್ಲಿಷ್ ಮಾತಾಡುತ್ತಾರೆ, ಆದರೆ ಅವರ ವಾಕ್ಯಗಳು ತೀರಾ ಚಿಕ್ಕವು ಎಂದು ಒಂದು ಸಾಲು ಬಂತು. ಚಿಕ್ಕವಿರದೆ ಇನ್ನೇನು? ಹಾಜರಿಗೆ ಎಷ್ಟು ಉದ್ದದ ವಾಕ್ಯ ಬೇಕು?

ದಿನಚರಿ ಬರೆಯುವ ನನ್ನ ನೋಟ್‌ಬುಕ್ಕಿನಲ್ಲಿ ಈ ಲೆಕ್ಕವನ್ನು ಮತ್ತೆ ಬರೆದಿಡುವಾಗ ಮಾತ್ರ ಐದನೆಯ ಅಂಕಣವೊಂದನ್ನು ನಾನೇ ಹಾಕಿಕೊಂಡಿದ್ದೆ. ಅದರ ತಲೆಬರಹ ‘ಬರೆಸಿದ್ದು’. ಯಾಕೆಂದರೆ ಪಾಠದ ಮುಕ್ಕಾಲು ಪಾಲು ಮೇಷ್ಟ್ರು ಮಾತಾಡುತ್ತಲೂ ಇರಲಿಲ್ಲ, ಮಕ್ಕಳು ಸುಮ್ಮನೆಯೂ ಇರುತ್ತಿರಲಿಲ್ಲ. ಅವರು ನೋಟ್ಸ್ ಹೇಳುತ್ತಿದ್ದರು, ಇವರು ಬರೆದುಕೊಳ್ಳುತ್ತಿದ್ದರು. ಕಾಗುಣಿತ ಕಷ್ಟವಿದ್ದ ಪದ ಬೋರ್ಡ್ ಮೇಲೆ ಬರುತ್ತಿತ್ತು. ಬೋರ್ಡ್ ಮೇಲೆ ಬಂದದ್ದೆಲ್ಲ ನೋಟ್‌ಬುಕ್ಕಿಗೆ ಇಳಿಯುತ್ತಿತ್ತು, ಅಡಿಗೆರೆ ಸಮೇತ, ಮೂಲೆಯಲ್ಲಿ ಬರೆದ ತಾರೀಕು ಸಮೇತ. ಪದ್ಯಕ್ಕೂ ಹೀಗೇ, ಕಥೆಗೂ ಹೀಗೇ. ಪದ್ಯವನ್ನು ಗಟ್ಟಿಯಾಗಿ ಓದಿದ್ದನ್ನು ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳಲ್ಲಿ ನಾನು ಕೇಳಿದ್ದು ಎರಡೇ ಸಲ.

ಹನೂರಿನಲ್ಲಿ ಇಂಗ್ಲಿಷ್ ತೆಗೆದುಕೊಳ್ಳುತ್ತಿದ್ದವರು ನಂಜುಂಡಸ್ವಾಮಿ ಸರ್. ಅತಿಥಿ ಉಪನ್ಯಾಸಕರು. ವಾರದಲ್ಲಿ ಮೂರು ದಿನ ಹನೂರು, ಮೂರು ದಿನ ಯಳಂದೂರು. ಯಳಂದೂರಿನಲ್ಲಿ ಬೆಳಗಿನ ತರಗತಿ ಮುಗಿಸಿ ಇಬ್ಬರೂ ಕಾಲೇಜಿನ ಜಗುಲಿಯಲ್ಲಿ ನಿಂತಿದ್ದ ಒಂದು ದಿನ, ಎದುರಿಗೆ ಬಿಳಿಗಿರಿರಂಗನ ಬೆಟ್ಟದ ಮೇಲೆ ಮೋಡ ಕೂತಿತ್ತು, ಕೆಳಗೆ ಒಂದು ಹನಿಯೂ ಇರಲಿಲ್ಲ. ನಾನು ಕೇಳಿಯೇ ಬಿಟ್ಟೆ, ಸರ್, ಕಥೆ ಓದಿಸುವುದೇ ಇಲ್ಲವಲ್ಲ ನೀವು?

"ನೋಡವ್ವ ರೂಪಾ, ನಾ ಕಥೆ ಓದ್ಕಂಡು ಕೂತ್ರೆ ನೋಟ್ಸ್ ಯಾರ್ ಬರ್ಸದು? ಪರೀಕ್ಷೇಲಿ ಕಥೆ ಕೇಳಕಿಲ್ಲ, ನೋಟ್ಸ್ ಕೇಳ್ತರೆ. ಪಾಸಾಗ್ನಿಲ್ಲ ಅಂದ್ರೆ ಬೈಸ್ಕಳದು ನಾನು. ನಿಮ್ ಪ್ರೊಫೆಸರಲ್ಲ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಆಮೇಲೆ ಹೋಯಿತು. ಆಗಸ್ಟ್ ಎರಡನೇ ವಾರ ಅವರಿಗೆ ಜ್ವರ ಬಂದು ಹನೂರಿನ ಐಚ್ಛಿಕ ಇಂಗ್ಲಿಷ್ ತರಗತಿಯನ್ನು ಎರಡು ದಿನ ನೋಡಿಕೊಳ್ಳಲು ನನಗೇ ಹೇಳಿದ್ದರು. ಪದವಿಯಲ್ಲಿ ಎಲ್ಲರೂ ಇಂಗ್ಲಿಷನ್ನು ಒಂದು ಭಾಷೆಯಾಗಿ ಓದಲೇಬೇಕು. ಇಂಗ್ಲಿಷ್ ಸಾಹಿತ್ಯವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡವರಿಗೆ ಐಚ್ಛಿಕ ಇಂಗ್ಲಿಷ್. ಹನೂರಿನಲ್ಲಿ ಅದನ್ನು ಆರಿಸಿಕೊಂಡವರು ಹನ್ನೊಂದು ಮಂದಿ. ಅವರಲ್ಲಿ ಒಬ್ಬಳು ಮಾರ್ಟಳ್ಳಿಯ ಸೆಲ್ವಿ.

ಆ ಹನ್ನೊಂದು ಮಂದಿ ಬೆಂಚುಗಳನ್ನು ಎಳೆದು ಹತ್ತಿರ ಕೂತರು. ಪಠ್ಯದಲ್ಲಿದ್ದ ಒಂದು ಸಣ್ಣ ಕಥೆ ತೆಗೆದೆ. ಹಿಮ ಬೀಳುವ ಯಾವುದೋ ಊರು. ಒಬ್ಬ ಹುಡುಗಿ ಅಣ್ಣನ ಕಾಗದಕ್ಕಾಗಿ ದಿನಾ ಗೇಟಿನ ಹತ್ತಿರ ಕಾಯುತ್ತಾಳೆ. ಕಥೆ ಅಷ್ಟೇ. ನೋಟ್ಸ್‌ನ ಪ್ರಕಾರ ಈ ಕಥೆಯ ವಸ್ತು ತಾಳ್ಮೆ. ನಾನು ಒಂದು ಪ್ಯಾರಾ ಇಂಗ್ಲಿಷ್‌ನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಆಮೇಲೆ ಒಬ್ಬೊಬ್ಬರು ಅದೇ ಪ್ಯಾರಾ ಓದುತ್ತಿದ್ದರು. ಮೂರನೇ ಪುಟದಲ್ಲಿ ಸೆಲ್ವಿ ಕೈ ಎತ್ತಿದಳು.

"ಮಿಸ್, ಈ ಹುಡ್ಗೀಗೆ ಓದಕೆ ಬತ್ತದಾ?"

"ಯಾಕೆ?"

"ಎಲ್ಲೂ ಅವ್ಳು ಒಂದ್ ಅಕ್ಷರ ಓದಿದ್ದು ಬರಕಿಲ್ಲ. ಬಾಗ್ಲ ಮೇಲಿನ ಎಸ್ರುನೂ ಪಕ್ಕದ್ಮನೆಯವ್ರು ಓದಿ ಏಳ್ತರೆ. ಕಾಗ್ದ ಬಂದ್ರೆ ಯಾರ ಕೈಲಿ ಓದ್ಸ್ತಳೆ ಮಿಸ್? ಓದ್ದೋರು ಸುಳ್ ಏಳುದ್ರೆ?"

ಹಿಂದಿನಿಂದ ಒಬ್ಬ, "ಅದ್ಕೇ ಕಣ್ಲಾ ಅಣ್ಣ ಕಾಗ್ದ ಬರೀನೇ ಇಲ್ಲ, ಬರುದ್ರೂ ವೇಸ್ಟು" ಅಂದ. ಎಲ್ಲರೂ ನಕ್ಕರು. ಆಮೇಲೆ ಜಗಳ ಶುರುವಾಯಿತು. ಅಣ್ಣನಿಗೂ ಬರೆಯಲು ಬರದಿದ್ದರೆ? ಅಂಚೆಯವನಿಗೆ ಗೊತ್ತಿದ್ದರೆ? ಪುಟ ತಿರುವಿ ಸಾಕ್ಷಿ ಹುಡುಕಿದರು. ಇಂಗ್ಲಿಷ್ ಸಾಲುಗಳನ್ನು ಬೆರಳಿಟ್ಟು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಬಡಿದಾಡಿದರು. ಬೆಲ್ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಎಂ.ಎ.ಯಲ್ಲಿ ಎರಡು ವರ್ಷ ಕೂತ ನನಗೆ ಆ ಕಥೆಯನ್ನು ಹಾಗೆ ಓದಬಹುದೆಂದು ಹೊಳೆದಿರಲಿಲ್ಲ.

ದಿನಚರಿಯಲ್ಲಿ ಅವತ್ತಿನ ಪುಟ: ‘ವಿದ್ಯಾರ್ಥಿಗಳ ಕನ್ನಡ, 34. ವಿದ್ಯಾರ್ಥಿಗಳ ಇಂಗ್ಲಿಷ್, ಗಟ್ಟಿಯಾಗಿ ಓದಿದ್ದು ಸೇರಿ 19. ಬರೆಸಿದ್ದು, 0.’ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ದಿನದ ಹಾಳೆಯನ್ನು ಕಟ್ಟಿನ ಮೇಲೆಯೇ ಇಟ್ಟು, ಖುಷಿಯಿಂದ ಪ್ರೊಫೆಸರ ಮುಂದೆ ಸರಿಸಿದೆ.

"ಮೂವತ್ನಾಲ್ಕು ಕನ್ನಡ ಮಾತು! ಇದನ್ನ ‘ವಿಷಯಾಂತರ’ ಅಂತ ಹಾಕಮ್ಮ. ಇಂಗ್ಲಿಷ್ ಕ್ಲಾಸಲ್ಲಿ ಕನ್ನಡ ಅಂದರೆ ಅದು ಗಲಾಟೆ."

"ಸರ್, ಅವರು ಕಥೆ ಬಗ್ಗೇನೇ ಮಾತಾಡಿದ್ದು."

"ಇರಬಹುದು. ಆದರೆ ನಮ್ಮ ಚೌಕಟ್ಟಲ್ಲಿ ಅದಕ್ಕೆ ಜಾಗ ಇಲ್ಲ ನೋಡು."

ವಿಷಯಾಂತರ ಎಂದು ಹಾಕಿದೆ. ನಾನೇ, ಇದೇ ಕೈಯಲ್ಲಿ.

ಸೆಲ್ವಿಯ ಜೊತೆ ಆಮೇಲೆ ಬಸ್ ನಿಲ್ದಾಣದಲ್ಲಿ ಎಷ್ಟೋ ಸಲ ಮಾತಾಡಿದೆ. ಮಿಸ್ ಹೋಗಿ ಅಕ್ಕ ಆಗಿದ್ದೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಇಂಗ್ಲಿಷನ್ನು ಮೊದಮೊದಲು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿತವಳು. ಮಾರ್ಟಳ್ಳಿಯಿಂದ ಹನೂರಿಗೆ ಬರಲು ಎರಡು ಬಸ್ಸು. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡಾಗ ಅವಳ ಅಪ್ಪ, ಹನೂರಿನ ತನಕ ಆದರೆ ಸರಿ, ಅದರಾಚೆ ಇಲ್ಲ ಎಂದು ಹೇಳಿದ್ದರಂತೆ. "ನಮ್ಮಪ್ಪಂಗೆ ಅನೂರೇ ಕೊನೆ ಸ್ಟಾಪು ಕಣಕ್ಕಾ, ಬಸ್ ಮುಂದುಕ್ ಓದ್ರೂ ಅಪ್ಪ ಓಗಕಿಲ್ಲ" ಎಂದು ನಗುತ್ತಿದ್ದಳು. ಅವಳಿಗೆ ಎಂ.ಎ. ಇಂಗ್ಲಿಷ್ ಮಾಡಬೇಕಿತ್ತು. ಅದಕ್ಕೆ ಹನೂರಿನ ಆ ಹನ್ನೊಂದು ಮಂದಿಯ ತರಗತಿ ಉಳಿಯಬೇಕಿತ್ತು. ಅದು ಉಳಿಯುತ್ತದೋ ಇಲ್ಲವೋ ಎಂಬುದು ನಮ್ಮ ವರದಿಯ ಮೇಲೆ ನಿಲ್ಲುತ್ತದೆಂದು ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಈಗ ಸೆಪ್ಟೆಂಬರ್ 19ಕ್ಕೆ ಬರುತ್ತೇನೆ. ಆ ಪುಟವನ್ನು ಇಷ್ಟು ದಿನ ಯಾರಿಗೂ ತೋರಿಸಿರಲಿಲ್ಲ.

ಅವತ್ತು ಹನೂರಿನಲ್ಲಿ ಪ್ರಶ್ನಾವಳಿ ತುಂಬಿಸುವ ದಿನ. ಮೊದಲ ವರ್ಷದ ಭಾಷಾ ತರಗತಿ, ಐಚ್ಛಿಕದವರೂ ಸೇರಿ ಐವತ್ತೆಂಟು ಮಂದಿ. ನಲವತ್ತು ಪ್ರಶ್ನೆ, ಎಲ್ಲವೂ ಇಂಗ್ಲಿಷ್‌ನಲ್ಲಿ. ಹೆಸರು, ಊರು, ಮನೆಮಾತು, ತಂದೆಯ ಉದ್ಯೋಗ. ಆಮೇಲೆ ಸಾಹಿತ್ಯದ ಪಾಠ ಇಷ್ಟವೇ, ನೋಟ್ಸ್‌ನಿಂದ ಪ್ರಯೋಜನವೇ, ಈಗಿನ ಬೋಧನೆ ತೃಪ್ತಿ ತಂದಿದೆಯೇ ಎಂಬಂಥವು. ಪ್ರತಿಯೊಂದಕ್ಕೂ ‘ಖಂಡಿತ ಒಪ್ಪುತ್ತೇನೆ’ಯಿಂದ ‘ಖಂಡಿತ ಒಪ್ಪುವುದಿಲ್ಲ’ದವರೆಗೆ ಐದು ಚೌಕ. ಮಕ್ಕಳು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಯಾರೂ ಪೆನ್ನು ಎತ್ತಲಿಲ್ಲ.

ಹೇಗೆ ತುಂಬುವುದೆಂದು ತೋರಿಸೋಣ ಎಂದು ನಾನು ಬೋರ್ಡ್ ಮೇಲೆ ಅದೇ ಹಾಳೆಯನ್ನು ಬರೆದೆ. ಮುಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ, "ನಿನ್ನ ಹೆಸರು?" ಅಂದೆ.

"ಮಾದೇಶ, ಮಿಸ್."

"ಯಾವೂರು?"

"ಊಗ್ಯಂ."

ಅವನು ಹೇಳಿದ್ದನ್ನೇ ಬೋರ್ಡಿನಲ್ಲಿ ತುಂಬಿದೆ. ಹೂಗ್ಯಂ, ಕನ್ನಡ, ವ್ಯವಸಾಯ. ಮುಂದಿನ ಪ್ರಶ್ನೆಗಳ ಎದುರು, ತೋರಿಸಲಿಕ್ಕೆಂದು, ಕೈಗೆ ಹತ್ತಿರವಿದ್ದ ಮೊದಲ ಚೌಕಕ್ಕೇ ಗುರುತು ಹಾಕುತ್ತಾ ಹೋದೆ. ‘ಖಂಡಿತ ಒಪ್ಪುತ್ತೇನೆ.’ ಇದು ಬರೀ ಉದಾಹರಣೆ, ನಿಮ್ಮ ನಿಮ್ಮದು ನೀವು ಬರೆಯಿರಿ ಎಂದು ಎರಡು ಸಲ ಹೇಳಿದೆ. ಅಷ್ಟರಲ್ಲಿ ಪ್ರಾಂಶುಪಾಲರು ಯಾವುದೋ ಸಹಿಗೆ ಕರೆದರು. ಬೋರ್ಡ್ ಒರೆಸದೆ ಹೋದೆ. ವಾಪಸ್ ಬರಲು ಇಪ್ಪತ್ತು ನಿಮಿಷವಾಯಿತು. ಐವತ್ತೆಂಟು ಹಾಳೆಯೂ ತುಂಬಿ, ಅಂಚು ಸರಿಮಾಡಿ, ಮೇಜಿನ ಮೇಲೆ ಇಟ್ಟಿದ್ದವು.

ಮಧ್ಯಾಹ್ನದ ಬಸ್ಸಿನಲ್ಲಿ, ಕಿಟಕಿಯಿಂದ ಜೋಳದ ಹೊಲಗಳ ಬಿಸಿಗಾಳಿ ಬರುತ್ತಿರುವಾಗ, ತೊಡೆಯ ಮೇಲೆ ಕಟ್ಟು ಬಿಚ್ಚಿದೆ. ಮೊದಲ ಹಾಳೆ, ಹೂಗ್ಯಂ. ಎರಡನೆಯದು, ಹೂಗ್ಯಂ. ಮೂರು, ನಾಲ್ಕು, ಐದು. ಹೆಸರುಗಳು ಬೇರೆ ಬೇರೆ, ಊರು ಒಂದೇ. ಒಬ್ಬಳು ಹೆಸರನ್ನೂ ಮಾದೇಶ ಎಂದು ಬರೆದು, ಆಮೇಲೆ ಹೊಡೆದು ತನ್ನ ಹೆಸರು ಬರೆದಿದ್ದಳು. ಗುರುತುಗಳೆಲ್ಲ ಮೊದಲ ಚೌಕದಲ್ಲಿ. ಒಂದು ಪ್ರಶ್ನೆಯಲ್ಲಿ ನನ್ನ ಚಾಕ್ ಜಾರಿ ಗುರುತು ಚೌಕದಿಂದ ಸ್ವಲ್ಪ ಆಚೆ ಬಿದ್ದಿತ್ತು. ಅದೂ ಹಾಗೇ ಇಳಿದಿತ್ತು, ಆಚೆ ಬಿದ್ದೇ.

ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ಹೂಗ್ಯಂ, 51. ನಿಜವಾಗಿ ಹೂಗ್ಯಂನಿಂದ ಬರುವವರು, 2. ಸ್ವಂತ ಊರು ಬರೆದು ಗುರುತು ಮಾತ್ರ ನಕಲು ಮಾಡಿದವರು, 6. ಉಳಿದದ್ದು ಒಂದು ಹಾಳೆ. ಸೆಲ್ವಿಯದು. ಮಾರ್ಟಳ್ಳಿ, ತಮಿಳು, ಕೂಲಿ. ನಲವತ್ತರಲ್ಲಿ ಒಂಬತ್ತು ಪ್ರಶ್ನೆಗೆ ಮಾತ್ರ ಉತ್ತರ. ಹಿಂಬದಿಯಲ್ಲಿ ಕನ್ನಡದಲ್ಲಿ: ‘ಬೋರ್ಡಿನಲ್ಲಿರುವ ಉತ್ತರ ನನ್ನದಲ್ಲ. ಅರ್ಥವಾದ ಪ್ರಶ್ನೆಗಳಿಗೆ ಮಾತ್ರ ಉತ್ತರಿಸಿದ್ದೇನೆ. ಮಿಕ್ಕವನ್ನು ಕನ್ನಡದಲ್ಲಿ ಕೇಳಿದರೆ ಬರೆಯುತ್ತೇನೆ.’

ನನಗೆ ಮೊದಲು ನಗು ಬಂತು. ಆಮೇಲೆ ಅಳು. ಮಕ್ಕಳ ಮೇಲೆ ಒಂದು ಕ್ಷಣವೂ ಸಿಟ್ಟು ಬರಲಿಲ್ಲ. ಇಂಗ್ಲಿಷ್ ಎಂದರೆ ಬೋರ್ಡ್ ಮೇಲೆ ಇರುವುದು, ಅದನ್ನು ತಪ್ಪಿಲ್ಲದೆ ಇಳಿಸಿಕೊಳ್ಳುವುದೇ ಓದು ಎಂದು ಅವರಿಗೆ ವರ್ಷಗಟ್ಟಲೆ ಕಲಿಸಿದ್ದೇವೆ. ಅವರು ಚೆನ್ನಾಗಿ ಕಲಿತಿದ್ದಾರೆ. ಈ ಮೂರು ಊರುಗಳಲ್ಲಿ ಇಂಗ್ಲಿಷನ್ನು ಹೇಗೆ ಕಲಿಸುತ್ತಾರೆ ಎಂಬ ಸಂಶೋಧನೆಗೆ ಇದಕ್ಕಿಂತ ದೊಡ್ಡ ಉತ್ತರ ಇನ್ನೇನು ಬೇಕಿತ್ತು? ಇಡೀ ಉತ್ತರ ನನ್ನ ತೊಡೆಯ ಮೇಲೆ ಕೂತಿತ್ತು.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅವರು ಮಗ್ಗದಿಂದ ತಲೆ ಎತ್ತದೆ, "ಎಳೆ ಕಡ್ದಿದ್ದು ಗೊತ್ತಾಯ್ತಲ್ಲ. ನಿಲ್ಸಿ ಗಂಟಾಕು. ಆಮೇಕ್ ಮುಂದುಕ್ ಓಗು" ಅಂದರು.

ಮರುದಿನವೇ ಮೈಸೂರಿಗೆ ಹೋದೆ. ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಮತ್ತೊಮ್ಮೆ ತುಂಬಿಸೋಣ, ನನಗೆ ಎರಡು ದಿನ ಸಾಕು ಎಂದು ಬೇಡಿಕೊಂಡೆ. ಪ್ರೊಫೆಸರು ಹಾಳೆಗಳನ್ನು ನೋಡಿ ಮನಸಾರೆ ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡರು.

"ಡೇಟಾ ಬಂದಿದೆಯಲ್ಲಮ್ಮ. ಹೂಗ್ಯಂ ಆದರೇನು ಇನ್ನೊಂದಾದರೇನು, ಎಲ್ಲ ಗ್ರಾಮೀಣವೇ. ಎಂಟ್ರಿ ಮಾಡು."

"ಸರ್, ಇವು ನನ್ನ ಉತ್ತರಗಳು. ಮಕ್ಕಳದ್ದಲ್ಲ."

"ನೀನು ಬಹಳ ಸೂಕ್ಷ್ಮ ಹುಡುಗಿ. ಸಂಶೋಧನೆಗೆ ಒಳ್ಳೇದೇ. ಆದರೆ ಡಿಸೆಂಬರ್‌ಗೆ ವರದಿ ಕೊಡಬೇಕು. ನಿನ್ನ ಪಿಎಚ್‌ಡಿ ಪ್ರಸ್ತಾವನೆ ಎಲ್ಲಿಗೆ ಬಂತು?"

ಸೆಲ್ವಿಯ ಹಾಳೆಯನ್ನು ಮಾತ್ರ ಪಕ್ಕಕ್ಕೆ ತೆಗೆದಿಟ್ಟರು. "ಇದು ಅಪೂರ್ಣ. ತಿರಸ್ಕೃತ ಅಂತ ಹಾಕು."

ಐವತ್ತೆಂಟರಲ್ಲಿ ನಿಜವಾದ ಹಾಳೆ ಒಂದೇ ಇತ್ತು. ಅದು ತಿರಸ್ಕೃತ. ಉಳಿದ ಐವತ್ತೇಳನ್ನು ಅಕ್ಟೋಬರ್ 3ರಿಂದ 7ರವರೆಗೆ ನಮ್ಮ ಮನೆಯ ನಡುಮನೆಯಲ್ಲಿ ಕೂತು ಲ್ಯಾಪ್‌ಟಾಪಿಗೆ ತುಂಬಿದೆ. ಮೊದಲ ಚೌಕಕ್ಕೆ ಐದು ಅಂಕ. ಐದು, ಐದು, ಐದು, ಐದು. ಪಕ್ಕದ ಕೋಣೆಯಲ್ಲಿ ಅಪ್ಪನ ಮಗ್ಗ ಆಗಾಗ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವರು ಗಂಟು ಹಾಕುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ನಾನು ನಿಲ್ಲಿಸಲಿಲ್ಲ. ಹೊರಗೆ ಆ ವಾರ ಹಿಂಗಾರು ಮಳೆ ಬಿಡದೆ ಸುರಿಯಿತು. ರೇಷ್ಮೆ ಎಳೆ ತೇವ ಹಿಡಿದು ಮಗ್ಗವೇ ನಿಂತ ದಿನವೂ ನನ್ನ ಕೈ ನಿಲ್ಲಲಿಲ್ಲ. ನನಗೆ ಪಿಎಚ್‌ಡಿ ಬೇಕಿತ್ತು. ಇದನ್ನು ಬೇರೆ ಯಾವ ರೀತಿಯಲ್ಲಿ ಬರೆದರೂ ಸುಳ್ಳಾಗುತ್ತದೆ.

ಡಿಸೆಂಬರಿನಲ್ಲಿ ವರದಿ ಹೋಯಿತು. ಮಾರ್ಚ್ 11ರಂದು ಕೊಳ್ಳೇಗಾಲದ ಒಂದು ಸಭಾಂಗಣದಲ್ಲಿ ವಿಚಾರ ಸಂಕಿರಣ. ಫ್ಯಾನುಗಳು ತಿರುಗುತ್ತಿದ್ದರೂ ಬೆನ್ನು ಒದ್ದೆಯಾಗುವ ಸೆಕೆ. ಮೂರು ಕಾಲೇಜಿನ ಮಕ್ಕಳನ್ನು ಬಸ್ಸು ಮಾಡಿ ಕರೆತಂದಿದ್ದರು. ನಂಜುಂಡಸ್ವಾಮಿ ಸರ್ ಹನೂರಿನವರ ಜೊತೆ ಹಿಂದಿನ ಸಾಲಿನಲ್ಲಿದ್ದರು. ಬಾಗಿಲಲ್ಲಿ ಎಲ್ಲರಿಗೂ ವರದಿಯ ಸಾರಾಂಶದ ಪ್ರತಿ ಹಂಚಿದೆ, ಬಿಸಿ ಇನ್ನೂ ಆರಿರದ ಜೆರಾಕ್ಸ್. ಪ್ರೊಫೆಸರು ಸೊಗಸಾಗಿ ಮಾತಾಡಿದರು. ಹನೂರಿನ ವಿದ್ಯಾರ್ಥಿಗಳು ನೋಟ್ಸ್ ಪದ್ಧತಿಯಿಂದ ಸಂಪೂರ್ಣ ತೃಪ್ತರಾಗಿದ್ದಾರೆ, ಬದಲಾವಣೆ ಬಯಸುವುದಿಲ್ಲ. ತರಗತಿಯಲ್ಲಿ ವಿಷಯಾಂತರ ಹೆಚ್ಚು. ಸಾಹಿತ್ಯವನ್ನು ಪ್ರತ್ಯೇಕ ವಿಷಯವಾಗಿ ಓದುವ ಸಾಮರ್ಥ್ಯ ಇನ್ನೂ ಬಂದಿಲ್ಲ. ಆದ್ದರಿಂದ ಅಲ್ಲಿನ ಐಚ್ಛಿಕ ಇಂಗ್ಲಿಷನ್ನು ಕೊಳ್ಳೇಗಾಲದ ಜೊತೆ ವಿಲೀನಗೊಳಿಸುವುದು ಸೂಕ್ತ.

ವಿಲೀನದ ಮಾತು ನಾನೂ ಅವತ್ತೇ ಮೊದಲು ಕೇಳಿದ್ದು. ನಾನು ಹಂಚಿದ ಪ್ರತಿಯ ಕೊನೆಯ ಪುಟದಲ್ಲಿ ಅದಿತ್ತು. ನಾನು ಓದಿರಲಿಲ್ಲ. ಎಣಿಸಿದ್ದೆ, ಅಷ್ಟೇ.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನಿಂದ ಸೆಲ್ವಿ ಎದ್ದಳು. ಮೈಕು ಅವಳ ಕೈಗೆ ಹೋಗುವವರೆಗೆ ಎಲ್ಲರೂ ತಿರುಗಿ ನೋಡಿದರು. ಇಂಗ್ಲಿಷ್‌ನಲ್ಲಿ ಕೇಳಿದಳು. ಒಂದೊಂದೇ ಪದ, ನಿಲ್ಲಿಸಿ, ನಿಲ್ಲಿಸಿ. ಅವಳು ಕೇಳಿದ್ದು ಇದು: "ಸರ್, ನನ್ನ ಹೆಸರು ಸೆಲ್ವಿ. ನಾನು ಮಾರ್ಟಳ್ಳಿಯವಳು. ನಿಮ್ಮ ಎರಡನೇ ಪುಟದಲ್ಲಿ ನಮ್ಮ ತರಗತಿಯ ಐವತ್ತೊಂದು ಮಂದಿ ಹೂಗ್ಯಂನವರು ಎಂದಿದೆ. ಹೂಗ್ಯಂನಿಂದ ಬರುವವರು ಇಬ್ಬರು. ಉಳಿದ ನಲವತ್ತೊಂಬತ್ತು ಮಂದಿ ಯಾರು ಸರ್?"

ಪ್ರೊಫೆಸರು ಮುಗುಳ್ನಕ್ಕರು. "ನೋಡಿದಿರಾ! ಮಾರ್ಟಳ್ಳಿಯಂಥ ಗಡಿ ಊರಿನ ಹುಡುಗಿ! ಎಷ್ಟು ಧೈರ್ಯವಾಗಿ ಇಂಗ್ಲಿಷ್ ಮಾತಾಡಿದಳು! ಜೋರಾಗಿ ಚಪ್ಪಾಳೆ ತಟ್ಟಿ!"

ತಟ್ಟಿದರು. ಎಲ್ಲರೂ ತಟ್ಟಿದರು. ವೇದಿಕೆ ಮೇಲಿದ್ದವರು ತಟ್ಟಿದರು, ಕೊಳ್ಳೇಗಾಲದವರು, ಯಳಂದೂರಿನವರು ತಟ್ಟಿದರು, ಹೂಗ್ಯಂನವರೆಂದು ಅಚ್ಚಾಗಿದ್ದ ಅವಳ ಸಹಪಾಠಿಗಳೂ ತಟ್ಟಿದರು. ಒಬ್ಬರು ಓಡಿಹೋಗಿ ಅವಳ ಕೈಗೆ ಒಂದು ಗುಲಾಬಿ ಕೊಟ್ಟರು. ಅವಳು ಮೈಕು ಹಿಡಿದೇ ನಿಂತಿದ್ದಳು, ಉತ್ತರಕ್ಕಾಗಿ. ಯಾರೋ ಮೆಲ್ಲಗೆ ಅದನ್ನು ಅವಳ ಕೈಯಿಂದ ತೆಗೆದುಕೊಂಡರು. ಅವಳು ಕೇಳಿದ್ದು ಪ್ರಶ್ನೆ ಎಂದು ಆ ಸಭಾಂಗಣದಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಮಾತಾಡುವ ಗಿಣಿ ನೋಡಿದ ಹಾಗೆ ನೋಡಿದರು. ಇಂಗ್ಲಿಷ್ ಬಂದರೆ ಜನ ನಿಮ್ಮ ಮಾತು ಕೇಳುತ್ತಾರೆ ಎಂದು ನಾವೆಲ್ಲ ಮಕ್ಕಳಿಗೆ ಹೇಳುತ್ತೇವಲ್ಲ, ಆ ಮಾತನ್ನು ಇನ್ನು ಮೇಲೆ ನಾನು ಯಾವ ಬಾಯಲ್ಲಿ ಹೇಳಲಿ?

ನನ್ನ ಕಾಲ ಬಳಿ ಬ್ಯಾಗಿನಲ್ಲಿ ನೋಟ್‌ಬುಕ್ ಇತ್ತು. ಸೆಪ್ಟೆಂಬರ್ 19ರ ಪುಟ ಇತ್ತು. ಎದ್ದು ಎರಡು ವಾಕ್ಯ ಹೇಳಿದ್ದರೆ ಸಾಕಿತ್ತು. ಸೆಲ್ವಿ ನನ್ನ ಕಡೆ ನೋಡಿದಳು. ನಾನು ಹಂಚಿ ಉಳಿದ ಪ್ರತಿಗಳನ್ನು ಎಣಿಸುತ್ತಿರುವವಳಂತೆ ತಲೆ ತಗ್ಗಿಸಿದೆ.

ಊಟದ ಹೊತ್ತಿಗೆ ನೀರಿನ ನಲ್ಲಿಯ ಹತ್ತಿರ ಅವಳು ಸಿಕ್ಕಳು. ಗುಲಾಬಿ ಕೈಯಲ್ಲೇ ಇತ್ತು.

"ಅಕ್ಕಾ, ನಾ ಕೇಳಿದ್ದು ತಪ್ಪಾಗಿತ್ತಾ? ಗ್ರಾಮರು?"

"ಇಲ್ಲ. ಸರಿಯಾಗೇ ಇತ್ತು."

"ಮತ್ತೆ ಯಾಕ್ ಯಾರೂ ಉತ್ರ ಏಳ್ನಿಲ್ಲ?" ಗುಲಾಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, "ಬೋರ್ಡ್ ಮೇಲೆ ಬರ್ದದ್ದು ನೀವೇ ಅಲ್ವಾ ಅಕ್ಕಾ?"

ನಾನು ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದೆ. ನಂಜುಂಡಸ್ವಾಮಿ ಸರ್ ದೂರದಿಂದ ನೋಡುತ್ತಿದ್ದರು. ಹತ್ತಿರ ಬಂದು, "ಬಾವ್ವಾ ಸೆಲ್ವಿ, ಬಸ್ ಒಂಟೋಯ್ತದೆ" ಎಂದು ಅವಳನ್ನು ಕರೆದುಕೊಂಡು ಹೋದರು. ನನ್ನನ್ನು ಮಾತಾಡಿಸಲಿಲ್ಲ.

ಜೂನ್‌ನಲ್ಲಿ ಆದೇಶ ಬಂತು. ಹನೂರಿನ ಹನ್ನೊಂದು ಮಂದಿ ಕೊಳ್ಳೇಗಾಲಕ್ಕೆ ಹೋಗಬಹುದು ಅಥವಾ ವಿಷಯ ಬದಲಿಸಬಹುದು. ಹೋದವರು 3. ಬದಲಿಸಿದವರು 8. ಸೆಲ್ವಿ ಎಂಟರಲ್ಲಿ ಒಬ್ಬಳು. ಈಗ ಇಂಗ್ಲಿಷ್‌ನ ಬದಲು ಇತಿಹಾಸ. ಆ ಬೆಂಚುಗಳು ಮತ್ತೆ ಸಾಲಾಗಿ ನಿಂತಿವೆ ಎಂದು ಹೇಳಿದಳು.

ಹೇಳಿದ್ದು ಹೋದ ಶುಕ್ರವಾರ, ಫೋನಿನಲ್ಲಿ. ನಂಬರ್ ನೋಡಿ ಎತ್ತಲು ನನಗೆ ಮೂರು ರಿಂಗ್ ಬೇಕಾಯಿತು. ಎಂಟು ಮಂದಿಯೂ ಸೇರಿ ಐಚ್ಛಿಕ ಇಂಗ್ಲಿಷನ್ನು ಹನೂರಿಗೆ ವಾಪಸ್ ಕೊಡಿ ಎಂದು ಇಲಾಖೆಗೆ ಅರ್ಜಿ ಬರೆದಿದ್ದಾರೆ. ನಂಜುಂಡಸ್ವಾಮಿ ಸರ್ ತಿದ್ದಿಕೊಟ್ಟಿದ್ದಾರೆ. "ವರದಿ ಸುಳ್ಳು ಅಂತ ಬರ್ದಿದ್ದೀವಿ ಕಣಕ್ಕಾ. ಸಾಕ್ಷಿ ಏನದೆ ಅಂತ ಕೇಳ್ತರಂತೆ. ನಿಮ್ತಾವ ಬುಕ್ಕದೆಯಲ್ಲ."

"ಇದೆ."

"ಕೊಟ್ರೆ ನಿಮ್ ಪಿಎಚ್‌ಡಿ ಓಯ್ತದೆ, ಅಲ್ವಾ? ಸಾ ಏಳುದ್ರು."

"ಹೋಗುತ್ತದೆ."

ಅವಳು, "ಸರಿಕ್ಕಾ, ಯೋಚ್ನೆ ಮಾಡಿ. ಆದ್ರೆ ಊರು ಅನ್ನೋ ಕಡೆ ಮಾತ್ರ ಊಗ್ಯಂ ಅಂತ ಬರೀಬ್ಯಾಡಿ" ಎಂದು ನಕ್ಕಳು. ಆ ನಗು ನನ್ನನ್ನು ಕ್ಷಮಿಸಿದ ನಗುವಲ್ಲ. ಹಾಗೆಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳುವುದಿಲ್ಲ.

ಸೋಮವಾರ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದು ಇದಕ್ಕೆ. ಸರದಿ ಬಂದಾಗ ನೋಟ್‌ಬುಕ್ ಕೊಟ್ಟೆ. ಹನೂರಿನ ಎಂಟು ತರಗತಿಗಳ ಗೆರೆಯ ಪುಟಗಳು, ಆಗಸ್ಟ್‌ನ ಆ ಒಂದು ಪುಟ, ಸೆಪ್ಟೆಂಬರ್ 19ರ ಪುಟ, ಪ್ರೊಫೆಸರು ತಿರಸ್ಕರಿಸಿದ್ದ ಸೆಲ್ವಿಯ ಹಾಳೆ. ಅದನ್ನು ನಾನು ಎಸೆದಿರಲಿಲ್ಲ. ಯಂತ್ರದ ಬೆಳಕು ಪುಟಗಳ ಮೇಲೆ ಒಂದೊಂದಾಗಿ ಹಾದುಹೋಯಿತು.

ಅಂಗಡಿಯವರು ಗೆರೆಗಳನ್ನು ನೋಡಿ, "ಏನವ್ವಾ ಇದು, ಹಾಲಿನ್ ಲೆಕ್ಕವಾ?" ಅಂದರು.

ಅಲ್ಲ ಎಂದೆ. ಅದೇ ಗಾಜಿನ ಮೇಜಿನ ಮೇಲೆ ಬಿಳಿ ಹಾಳೆಯೊಂದನ್ನು ಇಟ್ಟುಕೊಂಡು ಅರ್ಜಿಯ ಜೊತೆ ಲಗತ್ತಿಸುವ ಪತ್ರ ಬರೆದೆ. ಮೇಲೆ ನನ್ನ ಹೆಸರು, ಊರು ಕೊಳ್ಳೇಗಾಲ, ತಾರೀಕು. ಮೊದಲ ವಾಕ್ಯ: ‘ಹನೂರಿನ ಮಕ್ಕಳ ಉತ್ತರಗಳೆಂದು ವರದಿಯಲ್ಲಿರುವುದನ್ನು ಬೋರ್ಡ್ ಮೇಲೆ ಬರೆದವಳು ನಾನು.’